ಮೂರನೇ ಕ್ಲಾಸಿಗೆ ಹಾರ್ಟ್ ಪಾಠ ಮಾಡಿದ್ದು ಸೀಮೆಎಣ್ಣೆ ಪಂಪಲ್ಲಿ

ಕಾಸರಗೋಡಿನ ಬದಿಯಡ್ಕದ ಹತ್ತಿರ ಒಂದು ಕನ್ನಡ ಮೀಡಿಯಂ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ನಾನು ಟೀಚರ್. ಮೂರನೇ ಕ್ಲಾಸಲ್ಲಿ 17 ಮಕ್ಕಳು, ಮನೆಮಾತು ಕೆಲವರದ್ದು ತುಳು, ಕೆಲವರದ್ದು ಮಲಯಾಳ, ಹವ್ಯಕ, ಒಬ್ಬಳದ್ದು ಮರಾಠಿ. ಹೃದಯ ಎಲ್ಲಿ ಉಂಟು ಅಂತ ಕೇಳಿದ್ರೆ ಎಲ್ಲರೂ ಎಡ ಕಂಕುಳ ಹತ್ತಿರ ಕೈ ಇಟ್ಟರು, ಚಿತ್ರ ಬಿಡಿಸಿ ಅಂದ್ರೆ ವಾಟ್ಸಾಪಿನ ಕೆಂಪು ಹಾರ್ಟು. ಎದೆಯ ನಡುವೆ, ಸ್ವಲ್ಪ ಎಡಕ್ಕೆ ವಾಲಿಕೊಂಡು ಇರೋದು, ಹೆಚ್ಚುಕಮ್ಮಿ ನಿಮ್ಮ ನಿಮ್ಮ ಮುಷ್ಟಿಯಷ್ಟೇ ದೊಡ್ಡದು ಅಂತ ಮುಷ್ಟಿ ಕಟ್ಟಿಸಿ ಅಲ್ಲೇ ಇಡಿಸಿದೆ. ಚಾರ್ಟ್ ಆಮೇಲೆ ನೋಡುವ ಅಂತ.

ಮೊದಲನೇ ದಿನ ಪೇಪರ್ ಸುರುಳಿ ಮಾಡಿ ಒಬ್ಬರ ಎದೆಗೆ ಇನ್ನೊಬ್ಬರು ಕಿವಿ ಕೊಡುವ ಪ್ಲಾನ್. 1816ರಲ್ಲಿ ಫ್ರಾನ್ಸಿನ ಲೆನೆಕ್ ಅಂತ ಡಾಕ್ಟ್ರು ಹೀಗೇ ಕಾಗದ ಸುತ್ತಿ ಕೇಳಿದ್ದು, ಸ್ಟೆತೊಸ್ಕೋಪ್ ಹುಟ್ಟಿದ್ದೇ ಹಾಗೆ ಅಂತ ಕಥೆಯೂ ರೆಡಿ ಇತ್ತು. ಆದ್ರೆ ಜುಲೈ ತಿಂಗಳು ಮಾರ್ರೆ, ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ನನ್ನ ಸ್ವರವೇ ಕೇಳಲ್ಲ, ಇನ್ನು ಲಬ್-ಡಬ್ ಎಲ್ಲಿ!

ಕೇಳದಿದ್ರೆ ನೋಡುವ ಅಂತ ಬಟಾಣಿ ಗಾತ್ರದ ಚಪಾತಿ ಹಿಟ್ಟಿನ ಉಂಡೆಗೆ ತಲೆ ಮುರಿದ ಬೆಂಕಿಕಡ್ಡಿ ಚುಚ್ಚಿ, ಹೆಬ್ಬೆರಳಿನ ಕೆಳಗೆ ನಾಡಿ ಸಿಗುವ ಜಾಗದಲ್ಲಿ ಇಟ್ಟು, ಕೈಯನ್ನು ಡೆಸ್ಕ್ ಮೇಲೆ ಅಲ್ಲಾಡಿಸದೆ ಇಡ್ಲಿಕ್ಕೆ ಹೇಳಿದೆ. "ಟೀಚರೇ, ಕಡ್ಡಿ ಕುಣೀತಾ ಉಂಟು!" ಜಾಗ ಒಂಚೂರು ತಪ್ಪಿದ್ರೂ ಅಲ್ಲಾಡಲ್ಲ, ನಾಲ್ಕೈದು ಮಕ್ಕಳಿಗೆ ನಾನೇ ಹುಡುಕಿ ಕೊಡಬೇಕಾಯ್ತು.

ಎಣಿಸೋದೇ ಕಷ್ಟ. ಒಂದು ನಿಮಿಷ ಅಂದ್ರೆ ನಲ್ವತ್ತರ ನಂತರ ಎಲ್ಲರಿಗೂ ಲೆಕ್ಕ ತಪ್ತದೆ. ಅದಕ್ಕೆ 15 ಸೆಕೆಂಡ್ ಮಾತ್ರ ಎಣಿಸಿ, ಅಷ್ಟೇ ಮಂಜೊಟ್ಟಿಯ ಕೆಂಪು ಬೀಜದ ನಾಲ್ಕು ರಾಶಿ ಮಾಡಿ ಒಟ್ಟು ಎಣಿಸಿದ್ದು. ಒಬ್ಬನಿಗೆ 22ರ ನಾಲ್ಕು ರಾಶಿ, 88. ವರಾಂಡದಲ್ಲಿ ಕುಣಿದು ಬಂದ ಮೇಲೆ 33ರದ್ದು, 132, ಬೀಜ ಸಾಲದೆ ಪಕ್ಕದವಳ ಹತ್ತಿರ ಸಾಲ.

ಮರುದಿನ ಪಂಪು. ಸೀಮೆಎಣ್ಣೆ, ಡೀಸೆಲ್ ಎತ್ತಲಿಕ್ಕೆ ಒತ್ತುವ ಕೆಂಪು ಪ್ಲಾಸ್ಟಿಕ್ ಪಂಪು ಬರ್ತದಲ್ಲ, ಹೊಸತು ಎರಡು ತಂದಿದ್ದೆ. ಒತ್ತಿದ್ರೆ ಬಕೆಟಿನ ನೀರು ಒಂದೇ ಕಡೆಗೆ ಹೋಗ್ತದೆ, ವಾಪಸ್ ಬರಲ್ಲ. ಯಾಕೆ ಅಂತ ಕೇಳಿದ್ದೇ ತಡ, ಕೊನೇ ಬೆಂಚಿನ ಹುಡುಗ, "ಫುಟ್‌ವಾಲ್ವ್ ಟೀಚರೇ! ಅದು ಲೀಕಾದ್ರೆ ನಮ್ಮ ತೋಟದ ಪಂಪು ನೀರೇ ಎತ್ತಲ್ಲ, ಅಜ್ಜ ಬೈತಾರೆ". ನನಗೆ ವಾಲ್ವ್ ಪಾಠವೇ ಮಾಡ್ಲಿಕ್ಕೆ ಉಳಿಯಲಿಲ್ಲ. ಹಾರ್ಟಲ್ಲೂ ಇಂಥದ್ದು, ಒಂದೇ ಕಡೆಗೆ ತೆರೆಯುವ ಬಾಗಿಲು, ನಾಲ್ಕು ಉಂಟು, ಅವು ಮುಚ್ಚುವಾಗ ಬರೋದೇ ಲಬ್-ಡಬ್ ಅಂದೆ ಅಷ್ಟೆ. ಬಲಗಡೆಯ ಪಂಪು ಶ್ವಾಸಕೋಶಕ್ಕೆ, ಎಡಗಡೆಯದ್ದು ಇಡೀ ಮೈಗೆ. ನಿಮಿಷಕ್ಕೆ 70 ಸಲ ಒತ್ತಿ ನೋಡಿ ಅಂದ್ರೆ ಒಂದೇ ನಿಮಿಷಕ್ಕೆ ಕೈ ಸೋತಿತು. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಅಂದಾಗ ಕ್ಲಾಸ್ ಗಪ್‌ಚಿಪ್.

ಒಂದು ತಪ್ಪು ಮಾಡಿದೆ. ಬಲಗಡೆ ಬಕೆಟಿಗೆ ನೀಲಿ ಶಾಯಿ, ಎಡಗಡೆಗೆ ಬೀಟ್‌ರೂಟ್ ನೀರು. ಮೈಯೊಳಗೆ ನೀಲಿ ರಕ್ತ ಉಂಟು ಅಂತ ಮಕ್ಕಳು ಮನೆಯಲ್ಲಿ ಹೋಗಿ ಹೇಳಿದ್ದಾರೆ! ಆಕ್ಸಿಜನ್ ಕಮ್ಮಿ ಇರುವ ರಕ್ತವೂ ಕೆಂಪೇ, ಬಣ್ಣ ಸ್ವಲ್ಪ ಕಡು ಅಷ್ಟೆ. ನೀವು ಮಾಡೋದಾದ್ರೆ ಎರಡಕ್ಕೂ ಬೀಟ್‌ರೂಟೇ ಹಾಕಿ, ಒಂದಕ್ಕೆ ದಪ್ಪ, ಒಂದಕ್ಕೆ ತೆಳು.

ಕೊನೆಗೆ ಅದೇ ಹುಡುಗ, "ಪಂಪಿಗೆ ಕರೆಂಟ್ ಬೇಕಲ್ಲ, ಹಾರ್ಟಿಗೆ ಎಲ್ಲಿಂದ?" ಒಳ್ಳೇ ಪ್ರಶ್ನೆ. ಹಾರ್ಟಿನ ಬಲಗಡೆ ಮೇಲಿನ ಕೋಣೆಯಲ್ಲಿ ಒಂದು ಸಣ್ಣ ಜಾಗ ಉಂಟು, ಅದು ತಾನೇ ಕರೆಂಟ್ ಹುಟ್ಟಿಸ್ತದೆ ಅಂದೆ. "ಹಾಗಾದ್ರೆ ಬಿಲ್ ಇಲ್ಲ" ಅಂದ.

ಪಂಪು ಎರಡೂ ಕಪಾಟಲ್ಲಿ ಉಂಟು. ಒಂದರ ವಾಲ್ವ್ ಈಗ ಸರಿ ಮುಚ್ಚಲ್ಲ, ಒತ್ತಿದ ನೀರು ಅರ್ಧ ವಾಪಸ್ ಬರ್ತದೆ. ಬಿಸಾಡಲಿಲ್ಲ, ಲೀಕಾದ ವಾಲ್ವ್ ಅಂದ್ರೆ ಎಂತ ಅಂತ ಈ ವರ್ಷ ಅದರಲ್ಲೇ ತೋರಿಸುವ ಅಂತ.