ಕೋಡ್ ಕದ್ದೀರಿ ಅಂದ ಹುಡುಗನಿಗೆ ನಾನು ಉತ್ತರ ಕೊಟ್ಟಿದ್ದು

ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಹಳೇ ಫೈಲ್‌ಗಳನ್ನು ಯೂನಿಕೋಡ್‌ಗೆ ಬದಲಾಯಿಸುವ ಒಂದು ಸಣ್ಣ ಪ್ರೋಗ್ರಾಂ ಇದೆ. ಧಾರವಾಡದಲ್ಲಿ ಕೂತು ಅದನ್ನು ನೋಡಿಕೊಳ್ಳುವವನು ನಾನು. ಓಪನ್ ಸೋರ್ಸ್, ಅಂದರೆ ಕೋಡ್ ಯಾರು ಬೇಕಾದರೂ ನೋಡಿ ತಿದ್ದಬಹುದು. ಎಂಐಟಿ ಲೈಸೆನ್ಸ್ ಅನ್ನುವ ಪರವಾನಗಿ ಅದಕ್ಕಿದೆ. ಗದಗಿನ ಒಂದೆರಡು ಪ್ರೆಸ್‌ನವರು ದಿನಾ ಬಳಸುತ್ತಾರೆ.

ಒಂದು ಭಾನುವಾರ ಬೆಳಿಗ್ಗೆ ನಮ್ಮ ಟೆಲಿಗ್ರಾಂ ಗುಂಪಿನಲ್ಲಿ ರಾಣೆಬೆನ್ನೂರಿನ ಒಬ್ಬ ವಿದ್ಯಾರ್ಥಿ ಬರೆದಿದ್ದ: "ನನ್ನ ಕೋಡ್ ತಗೊಂಡು ತಮ್ಮ ಹೆಸರು ಹಾಕ್ಕೊಂಡಾರ. ದೊಡ್ಡವರು ಏನ್ ಮಾಡಿದ್ರೂ ನಡೀತದೇನ್ರಿ?" ಕೆಳಗೆ ಸ್ಕ್ರೀನ್‌ಶಾಟ್. ನಾನು ಎದ್ದು ನೋಡುವಷ್ಟರಲ್ಲಿ ನಲವತ್ತು ಮೆಸೇಜ್ ಬಂದಿದ್ದವು. ಸರ್ವರ್ ಖರ್ಚಿಗೆ ಕೂಡಿಸಿದ ದುಡ್ಡು ಎಲ್ಲಿ ಹೋಯ್ತು ಅಂತಲೂ ಯಾರೋ ಕೇಳಿದ್ದರು.

ಕೈ ನಡುಗುತ್ತಿತ್ತು. ಎಷ್ಟು ವರ್ಷ ಪುಕ್ಕಟೆ ದುಡಿದಿದ್ದೇನೆ, ಎಷ್ಟು ರಾತ್ರಿ ಕೂತಿದ್ದೇನೆ ಅಂತೆಲ್ಲ ಉದ್ದಕ್ಕೆ ಬರೆದೆ. ಕಳಿಸುವ ಮುಂಚೆ ಹೆಂಡತಿಗೆ ತೋರಿಸಿದೆ. ಆಕೆ ಪೂರ್ತಿ ಓದಿ, "ಇದ್ರಾಗ ಆ ಹುಡುಗ ಕೇಳಿದ್ದಕ್ಕ ಉತ್ತರ ಎಲ್ಲೈತ್ರಿ?" ಅಂದಳು. ಇರಲಿಲ್ಲ. ಅಳಿಸಿದೆ. ಬದಲಿಗೆ ಎರಡೇ ಸಾಲು ಹಾಕಿದೆ: "ಓದಿದ್ದೇನೆ. ದಾಖಲೆ ನೋಡಿ ಸಂಜೆ ಆರಕ್ಕೆ ಇಲ್ಲೇ ಉತ್ತರ ಬರೆಯುತ್ತೇನೆ." ಗಂಟೆ ಹೇಳಿದ್ದು ಒಳ್ಳೇದಾಯ್ತು. ಅಲ್ಲಿಯವರೆಗೆ ಒಂದೊಂದೇ ಮೆಸೇಜಿಗೆ ಜವಾಬು ಕೊಡುತ್ತಾ ಕೂರುವುದು ತಪ್ಪಿತು.

ಆಮೇಲೆ ಗಿಟ್ ಲಾಗ್ ತೆಗೆದೆ, ಅಂದರೆ ಕೋಡ್ ಅನ್ನು ಯಾರು ಯಾವಾಗ ಬದಲಿಸಿದರು ಅನ್ನುವ ದಾಖಲೆ. ಅವನು ಕಳಿಸಿದ್ದು ಹನ್ನೊಂದು ಕಮಿಟ್ (ಹೀಗೆ ದಾಖಲಾಗುವ ಒಂದೊಂದು ಬದಲಾವಣೆ), ಎಲ್ಲವೂ ಅರ್ಕಾವತ್ತಿನದು. ಈ ಕೆಲಸ ಮಾಡಿದವರಿಗೆ ಅದರ ಕಷ್ಟ ಗೊತ್ತು. ಹಳೇ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರ ಆದಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ರ್ ಮೊದಲು ಬರಬೇಕು. 'ಧರ್ಮ'ದಲ್ಲಿ ಅದನ್ನು ಒಂದು ಅಕ್ಷರ ಹಿಂದಕ್ಕೆ ಸರಿಸಿದರೆ ಮುಗಿಯಿತು. 'ಸಾಮರ್ಥ್ಯ'ದಲ್ಲಿ ಥ ಮತ್ತು ಅದರ ಕೆಳಗಿನ ಯ ಒತ್ತು ಎರಡನ್ನೂ ದಾಟಿಸಬೇಕು. ನನ್ನ ಹಳೇ ಕೋಡ್ ಅಲ್ಲಿ ರ್ ಅನ್ನು ನಡುವೆ ಸಿಕ್ಕಿಸಿ ಬಿಡುತ್ತಿತ್ತು. ಈ ಹುಡುಗ ಮೂರು ವಾರ ಕೂತು ಅದನ್ನು ಸರಿ ಮಾಡಿದ್ದ, ಜೊತೆಗೆ ಕೋಡ್ ಸರಿ ಇದೆಯೇ ಅಂತ ತಾನಾಗಿ ನೋಡುವ ಟೆಸ್ಟ್‌ಗಳನ್ನೂ ಬರೆದಿದ್ದ.

ಆದರೆ ಲಾಗ್‌ನಲ್ಲಿ ಇದ್ದಿದ್ದು ಒಂದೇ ಕಮಿಟ್, ಅದರ ಮೇಲೆ ನನ್ನ ಹೆಸರು. ಗಿಟ್ 2005ರಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೆ ಅಂತ ಹುಟ್ಟಿದ್ದು, ಅಲ್ಲಿ ಪ್ಯಾಚ್ (ಕೋಡಿನ ತಿದ್ದುಪಡಿ) ಬರೆದವರು ಬೇರೆ, ಒಳಗೆ ಸೇರಿಸುವವರು ಬೇರೆ, ಹಾಗಾಗಿ ಪ್ರತಿ ಕಮಿಟ್‌ನಲ್ಲೂ ಆಥರ್ (ಬರೆದವರು), ಕಮಿಟರ್ (ಸೇರಿಸಿದವರು) ಅಂತ ಎರಡು ಹೆಸರಿಗೆ ಜಾಗ ಇದೆ. ನಾನು ಲಾಗ್ ಚೊಕ್ಕ ಇರಲಿ ಅಂತ ನನ್ನ ಮಷಿನ್‌ನಲ್ಲೇ ಮರ್ಜ್ ಸ್ಕ್ವಾಶ್ ಕೊಟ್ಟು, ಅಂದರೆ ಹನ್ನೊಂದನ್ನೂ ಒಂದಾಗಿ ಕೂಡಿಸಿ, ಕಮಿಟ್ ಮಾಡಿದ್ದೆ. ಹಾಗೆ ಮಾಡಿದರೆ ಎರಡೂ ಜಾಗದಲ್ಲಿ ಕಮಿಟ್ ಮಾಡಿದವನ ಹೆಸರೇ ಕೂರುತ್ತದೆ. ಕದಿಯುವ ಉದ್ದೇಶ ಇರಲಿಲ್ಲ, ಆದರೆ ಹುಡುಗ ಹೇಳಿದ್ದು ನಿಜ.

ಮೊದಲು ಅವನಿಗೆ ಫೋನ್ ಮಾಡಿದೆ. "ತಮ್ಮಾ, ನಿನ್ನ ಹೆಸರು ಹೋಗಿದ್ದು ಖರೆ. ತಪ್ಪು ನಂದು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಎರಡು ಸಲ ಮೇಲ್ ಹಾಕಿದ್ದೆ ಅಣ್ಣಾರ, ನೀವು ನೋಡಲೇ ಇಲ್ಲ" ಅಂದ. ಅದೂ ನಿಜ. ಹಾಗಾಗಿ ಸಂಜೆ ಬರೆದ ಉತ್ತರದಲ್ಲಿ ಮೇಲ್ ನೋಡದ್ದನ್ನೂ ಸೇರಿಸಿದೆ. ತಪ್ಪು ಯಾವುದು, ಹೇಗೆ ಆಯ್ತು, ಯಾವಾಗ ಸರಿ ಮಾಡುತ್ತೇನೆ, ಇಷ್ಟೇ. "ಯಾರಿಗಾದರೂ ನೋವಾಗಿದ್ದರೆ" ಅನ್ನುವ ಮಾತು ಬೇಡ ಅಂತ ಬಿಟ್ಟೆ. ನೋವಾಗಿತ್ತು, ಯಾರಿಗೆ ಅಂತಲೂ ಗೊತ್ತಿತ್ತು.

ನನ್ನ ಪರ ನಿಂತವರದು ಬೇರೆ ತೊಂದರೆ. "ಎಂಐಟಿ ಲೈಸೆನ್ಸ್ ಅಲ್ವಾ, ಯಾರು ಬೇಕಾದ್ರೂ ತಗೋಬಹುದು" ಅಂತ ಹುಡುಗನ ಮೇಲೆ ಬಿದ್ದಿದ್ದರು. ಆ ಲೈಸೆನ್ಸ್ ಬಳಸಲು ಬಿಡುತ್ತದೆ, ಆದರೆ ಕಾಪಿರೈಟ್ ಸೂಚನೆಯನ್ನು ಹಾಗೇ ಉಳಿಸಿಕೊಳ್ಳಿ ಅನ್ನುತ್ತದೆ. ಹೆಸರು ಅಳಿಸಿದ್ದಕ್ಕೆ ಅದು ಸಮರ್ಥನೆ ಆಗುವುದಿಲ್ಲ. ಇದನ್ನು ಗುಂಪಿನಲ್ಲೇ ಹೇಳಿದೆ. ಇಬ್ಬರಿಗೆ ಅವರ ಮೆಸೇಜ್ ಅಳಿಸಲು ಖಾಸಗಿಯಾಗಿ ಕೇಳಿಕೊಂಡೆ. ಒಬ್ಬರು ಅಳಿಸಿದರು, ಇನ್ನೊಬ್ಬರು ಗುಂಪು ಬಿಟ್ಟು ಹೋದರು.

ಲಾಗ್ ಸರಿ ಮಾಡಲು ಹಳೇ ಇತಿಹಾಸ ತಿದ್ದಿ ಫೋರ್ಸ್ ಪುಶ್ ಮಾಡಬಹುದಿತ್ತು, ಅಂದರೆ ಹಳೇದರ ಮೇಲೆ ತಿದ್ದಿದ್ದನ್ನು ಬಲವಂತವಾಗಿ ಹಾಕಬಹುದಿತ್ತು. ಮಾಡಲಿಲ್ಲ. ಬೇರೆಯವರ ಹತ್ತಿರ ಇದ್ದ ಪ್ರತಿಗಳು ಕೆಡುತ್ತಿದ್ದವು, ಅದಕ್ಕಿಂತ ಜಾಸ್ತಿ, ಅಳಿಸಿದ್ದೀರಿ ಅನ್ನುವ ಆರೋಪಕ್ಕೆ ಇನ್ನೊಮ್ಮೆ ಅಳಿಸಿ ಉತ್ತರ ಕೊಟ್ಟಂತೆ ಆಗುತ್ತಿತ್ತು. ನನ್ನ ಕಮಿಟ್ ರಿವರ್ಟ್ ಮಾಡಿದೆ, ಅಂದರೆ ಅದನ್ನು ರದ್ದು ಮಾಡುವ ಹೊಸ ಕಮಿಟ್ ಹಾಕಿದೆ. ಅವನ ಬ್ರಾಂಚ್‌ನಿಂದ ಹನ್ನೊಂದನ್ನೂ ಚೆರಿ ಪಿಕ್ ಮಾಡಿದೆ, ಅಂದರೆ ಒಂದೊಂದಾಗಿ ಆರಿಸಿ ತಂದೆ. ಹಾಗೆ ತಂದರೆ ಆಥರ್ ಹೆಸರು ಉಳಿಯುತ್ತದೆ. ತಪ್ಪೂ ಲಾಗ್‌ನಲ್ಲಿದೆ, ತಿದ್ದಿದ್ದೂ ಇದೆ.

ದುಡ್ಡಿನ ಮಾತನ್ನು ಇದರಲ್ಲಿ ಬೆರೆಸಲಿಲ್ಲ. ಮರುದಿನ ಬೇರೆಯಾಗಿ, ಬಂದದ್ದು ಹೋದದ್ದು ಎಲ್ಲಾ ಲೆಕ್ಕ ಬಿಲ್ ಸಮೇತ ಹಾಕಿದೆ. ಅದಾದಮೇಲೂ ಒಬ್ಬರು ಅದನ್ನೇ ಕೇಳುತ್ತಿದ್ದರು. ಎರಡು ಸಲ ಅದೇ ಲೆಕ್ಕದ ಲಿಂಕ್ ಕೊಟ್ಟೆ, ಮೂರನೇ ಸಲ ಉತ್ತರಿಸಲಿಲ್ಲ.

ಹುಡುಗ "ಆತ್ರಿ ಅಣ್ಣಾರ" ಅಂತ ಬರೆದ. ಆದರೆ ಆಮೇಲೆ ಹೊಸ ಪ್ಯಾಚ್ ಕಳಿಸಿಲ್ಲ. ಹೋದ ತಿಂಗಳು ಗದಗಿನ ಪ್ರೆಸ್‌ನಿಂದ ಒಂದು ಫೈಲ್ ಬಂತು. ಅದಕ್ಕಾಗಿ ಕೋಡ್ ಬದಲಿಸಿದಾಗ ಅವನು ಬರೆದಿದ್ದ ಒಂದು ಟೆಸ್ಟ್ ಫೇಲ್ ಆಗಿ ನನ್ನ ತಪ್ಪು ಹಿಡಿಯಿತು. ಸರಿ ಮಾಡಿ, ಇದು ಯಾರ ಟೆಸ್ಟ್‌ನಿಂದ ಸಿಕ್ಕಿತು ಅಂತ ಕಮಿಟ್‌ನಲ್ಲಿ ಹೆಸರು ಬರೆದೆ. ಅವನಿಗೂ ಲಿಂಕ್ ಕಳಿಸಿದ್ದೇನೆ.