ಮಳೆಗಾಲ ದಾಟಿದ ಪಪ್ಪಾಯಿಯ ಬೀಜ ಮನೆಯಲ್ಲೇ ಮಾಡಿಕೊಳ್ಳಿ

ಕೊಡಗಿನ ಹಿತ್ತಲುಗಳಲ್ಲಿ ಪಪ್ಪಾಯಿ ಸಾಯುವುದು ಹೆಚ್ಚಾಗಿ ಕಕ್ಕಡದಲ್ಲಿ, ಅಂದರೆ ಜುಲೈ–ಆಗಸ್ಟ್ ನಡುವಿನ ಜಡಿಮಳೆಯ ತಿಂಗಳಲ್ಲಿ. ಬಿಡದೆ ಸುರಿವ ಮಳೆಗೆ ಬುಡದಲ್ಲಿ ನೀರು ನಿಲ್ಲುತ್ತದೆ. ಒಂದೆರಡು ದಿನ ಬೇರು ಉಸಿರುಗಟ್ಟಿದರೆ ಸಾಕು, ಎಲೆಗಳು ಹಳದಿಯಾಗಿ ಜೋಲುತ್ತವೆ, ಕಾಂಡದ ಬುಡ ಕೊಳೆತು ಮೆತ್ತಗಾಗುತ್ತದೆ, ಮುಂದಿನ ಗಾಳಿಗೆ ಮರ ಅಡ್ಡ ಬೀಳುತ್ತದೆ. ಆದರೆ ಅದೇ ಸಾಲಿನ ಒಂದೋ ಎರಡೋ ಮರ ಕೈಲ್‌ಪೊಳ್ದ್ ಹಬ್ಬದ (ಸೆಪ್ಟೆಂಬರ್ ಆರಂಭ) ಹೊತ್ತಿಗೂ ಹಸಿರಾಗಿ ನಿಂತಿರುತ್ತದೆ. ಅಂಥ ಮರದ ಹಣ್ಣನ್ನು ತಿಂದು ಬೀಜವನ್ನು ಗೊಬ್ಬರದ ಗುಂಡಿಗೆ ಸುರಿಯುತ್ತೇವೆ. ಮರುವರ್ಷ ನಮ್ಮ ಮಳೆಯನ್ನೇ ಕಾಣದ ಬಯಲುಸೀಮೆಯಲ್ಲಿ ತಯಾರಾದ ಬೀಜದ ಪೊಟ್ಟಣಕ್ಕೆ ದುಡ್ಡು ಕೊಡುತ್ತೇವೆ. ನನಗೆ ಇದು ದೊಡ್ಡ ನಷ್ಟವಾಗಿ ಕಾಣುತ್ತದೆ. ನಮ್ಮ ಮಳೆಗಾಲ ಪ್ರತಿವರ್ಷ ಪುಕ್ಕಟೆಯಾಗಿ ಗಿಡಗಳನ್ನು ಪರೀಕ್ಷೆ ಮಾಡಿ ಕೊಡುತ್ತಿದೆ. ಪಾಸಾದ ಗಿಡದಿಂದ ಸರಿಯಾದ ಕ್ರಮದಲ್ಲಿ ಬೀಜ ಹಿಡಿಯುವುದಷ್ಟೇ ನಮ್ಮ ಪಾಲಿನ ಕೆಲಸ.

ಪಪ್ಪಾಯಿಯಲ್ಲಿ ಈ ಕೆಲಸಕ್ಕೆ ಸ್ವಲ್ಪ ತಿಳಿವಳಿಕೆ ಬೇಕು. ಇದರಲ್ಲಿ ಗಂಡು ಮರ, ಹೆಣ್ಣು ಮರ, ಒಂದೇ ಹೂವಿನಲ್ಲಿ ಎರಡೂ ಇರುವ ದ್ವಿಲಿಂಗಿ ಮರ ಎಂದು ಮೂರು ಬಗೆ ಇರುವುದರಿಂದ, ಯಾವ ಹೂವಿಗೆ ಯಾವ ಪರಾಗ ಸೇರಿತು ಎಂಬುದರ ಮೇಲೆ ಮುಂದಿನ ತಲೆಮಾರು ನಿರ್ಧಾರವಾಗುತ್ತದೆ.

ಮೊದಲು ಹೂವನ್ನು ಓದಲು ಕಲಿಯಿರಿ

ಸಸಿ ನೋಡಿ ಗಂಡೋ ಹೆಣ್ಣೋ ಹೇಳಬಲ್ಲೆವು ಎನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಬೀಜದ ಬಣ್ಣ, ಬೇರಿನ ಆಕಾರ ಎಂದು ಏನೇನೋ ಲಕ್ಷಣ ಹೇಳುತ್ತಾರೆ. ಅವುಗಳನ್ನು ನಂಬಬೇಡಿ. ಕಣ್ಣಿಗೆ ಕಾಣುವ ಖಚಿತ ಗುರುತು ಹೂವೊಂದೇ, ಅದು ಬರುವುದು ನೆಟ್ಟ ನಾಲ್ಕರಿಂದ ಆರು ತಿಂಗಳಿಗೆ. ತಂಪಿನ ಜಾಗಗಳಲ್ಲಿ ಇನ್ನೂ ತಡವಾಗಬಹುದು.

ಗಂಡು ಮರ ದೂರದಿಂದಲೇ ತಿಳಿಯುತ್ತದೆ. ಉದ್ದನೆಯ, ಕವಲೊಡೆದ ಜೋತಾಡುವ ತೊಟ್ಟಿನಲ್ಲಿ ಸಣ್ಣ ಕೊಳವೆಯಾಕಾರದ ಹೂಗಳು ಗೊಂಚಲಾಗಿ ಬರುತ್ತವೆ, ಸಂಜೆ ಹೊತ್ತಿಗೆ ಸಿಹಿ ಪರಿಮಳ ಬೀರುತ್ತವೆ. ಹೆಣ್ಣು ಹೂವು ಕಾಂಡಕ್ಕೆ ಅಂಟಿಕೊಂಡಂತೆ ಗಿಡ್ಡ ತೊಟ್ಟಿನಲ್ಲಿರುತ್ತದೆ. ಮೊಗ್ಗಿನ ಬುಡ ಉಬ್ಬಿದ್ದು ತುದಿ ಚೂಪಾಗಿರುತ್ತದೆ. ದಳ ಬಿಡಿಸಿ ನೋಡಿದರೆ ಐದೂ ದಳಗಳು ಬುಡದವರೆಗೆ ಬೇರೆಬೇರೆ, ನಡುವೆ ದುಂಡನೆಯ ಅಂಡಾಶಯ, ಅದರ ತಲೆಯ ಮೇಲೆ ಪರಾಗ ಹಿಡಿಯುವ, ಕವಲುಕವಲಾದ ಶಲಾಕಾಗ್ರ. ಪರಾಗ ಕೊಡುವ ಹಳದಿ ಕೇಸರಗಳ ಸುಳಿವೇ ಇರುವುದಿಲ್ಲ. ದ್ವಿಲಿಂಗಿ ಹೂವೂ ಗಿಡ್ಡ ತೊಟ್ಟಿನಲ್ಲೇ ಇರುತ್ತದೆ, ಆದರೆ ಮೊಗ್ಗು ನೀಳವಾಗಿ ಮೇಲಿನಿಂದ ಕೆಳಗೆ ಹೆಚ್ಚುಕಡಿಮೆ ಒಂದೇ ದಪ್ಪ. ದಳಗಳು ಕೆಳಭಾಗದಲ್ಲಿ ಕೂಡಿಕೊಂಡು ಕೊಳವೆಯಾಗಿರುತ್ತವೆ, ಒಳಗೆ ಉದ್ದನೆಯ ಅಂಡಾಶಯದ ಸುತ್ತ ಹತ್ತು ಕೇಸರಗಳು. ಹೆಣ್ಣು ಮರದ ಹಣ್ಣು ದುಂಡಗೆ, ಒಳಗಿನ ಪೊಳ್ಳು ದೊಡ್ಡದು. ದ್ವಿಲಿಂಗಿಯದು ನೀಳ, ತಿರುಳು ದಪ್ಪ. ಸಂತೆಯಲ್ಲಿ ಗಿರಾಕಿಗಳು ಕೈಹಾಕುವುದು ಹೆಚ್ಚಾಗಿ ಈ ನೀಳ ಹಣ್ಣಿಗೇ.

ಗಂಡು ಮರಕ್ಕೆ ಮೊಳೆ ಹೊಡೆದರೆ ಕಾಯಿ ಬಿಡುತ್ತದೆ ಎಂಬ ಮಾತೂ ಇದೆ. ಹವಾಮಾನ ಬದಲಾದಾಗ ಕೆಲವು ಗಂಡು ಮರಗಳು ಉದ್ದ ತೊಟ್ಟಿನ ತುದಿಯಲ್ಲಿ ತಾವಾಗಿಯೇ ಒಂದಿಷ್ಟು ಕಾಯಿ ಬಿಡುವುದುಂಟು; ಮೊಳೆ ಹೊಡೆದವರಿಗೆ ಅದರ ಕೀರ್ತಿ ಸಿಗುತ್ತದೆ, ಮರಕ್ಕೆ ಗಾಯ ಉಳಿಯುತ್ತದೆ.

ಯಾವ ತಳಿಯಿಂದ ಆರಂಭಿಸಬೇಕು

ನಮ್ಮ ಜಿಲ್ಲೆಯದೇ ಒಂದು ತಳಿ ಇದೆ: ಚೆಟ್ಟಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದಲ್ಲಿ ಹನಿಡ್ಯೂ ಪಪ್ಪಾಯಿಯಿಂದ ಆಯ್ದು ತೆಗೆದ ಕೂರ್ಗ್ ಹನಿಡ್ಯೂ. ಇದರಲ್ಲಿ ಹೆಣ್ಣು ಮತ್ತು ದ್ವಿಲಿಂಗಿ ಮರಗಳು ಮಾತ್ರ ಬರುತ್ತವೆ, ಗಂಡು ಇಲ್ಲ. ಮನೆಯಲ್ಲಿ ಬೀಜ ಮಾಡುವವರಿಗೆ ಇದಕ್ಕಿಂತ ಅನುಕೂಲ ಬೇರೊಂದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಸೂರ್ಯ ಮತ್ತು ಅರ್ಕ ಪ್ರಭಾತ್ ತಳಿಗಳ ಗುಣವೂ ಇದೇ.

ರೆಡ್ ಲೇಡಿಯ ವಿಷಯ ಬೇರೆ. ಅದು ತೈವಾನ್ ಮೂಲದ ಸಂಕರ ತಳಿ. ಅದರ ಹಣ್ಣಿನ ಬೀಜ ಬಿತ್ತಿದರೆ ತಾಯಿಯಂಥ ಮರಗಳೇ ಬರುವುದಿಲ್ಲ. ಗಾತ್ರ, ಸಿಹಿ, ಎತ್ತರ ಎಲ್ಲವೂ ಚದುರುತ್ತವೆ. ಬೇಗ ಫಲ ಬೇಕೆನ್ನುವವರು ಆ ದಾರಿ ಹಿಡಿಯಬಾರದು. ನಾಲ್ಕಾರು ತಲೆಮಾರು ಆಯ್ಕೆ ಮಾಡುವ ತಾಳ್ಮೆಯೂ ಅಷ್ಟು ಜಾಗವೂ ಇದ್ದವರಿಗೆ ಮಾತ್ರ ಆ ಚದುರುವಿಕೆಯೇ ಬಂಡವಾಳವಾಗುತ್ತದೆ.

ತುಲಾ ಸಂಕ್ರಮಣದಿಂದ ಪುತ್ತರಿಯವರೆಗೆ

ಕೊಡಗಿನಲ್ಲಿ ಈ ಕೆಲಸದ ಗುಟ್ಟೆಲ್ಲ ಕಾಲದಲ್ಲಿದೆ. ಮಾರ್ಚ್–ಏಪ್ರಿಲ್‌ನಲ್ಲಿ ಕಾಯಿ ಕಟ್ಟಿದರೆ ಹಣ್ಣಾಗುವುದು ಆಗಸ್ಟ್–ಸೆಪ್ಟೆಂಬರಿನಲ್ಲಿ. ಆಗ ಬೀಜ ಒಣಗಿಸಲು ಬಿಸಿಲೂ ಇಲ್ಲ, ಒಣ ಗಾಳಿಯೂ ಇಲ್ಲ, ಬೀಜಕ್ಕೆ ಬೂಷ್ಟು ಹಿಡಿಯುತ್ತದೆ. ಬದಲಿಗೆ ಅಕ್ಟೋಬರಿನಲ್ಲಿ ನೆಟ್ಟ ಗಿಡವನ್ನು ಒಂದು ವರ್ಷ ಹಾಗೆಯೇ ಬಿಡಿ. ಅದು ಬೇಸಿಗೆಯಲ್ಲಿ ಹೂ ಬಿಡಲಿ, ಕಕ್ಕಡದ ಮಳೆಯನ್ನು ಎದುರಿಸಲಿ, ಮಳೆ ಹಿಂದೆಗೆಯುವ ಹೊತ್ತಿಗೆ ಮೊದಲ ಹಣ್ಣು ಕೊಡಲಿ. ಅಷ್ಟರಲ್ಲಿ ಯಾವ ಮರ ಬದುಕಿತು, ಯಾವುದರ ಹಣ್ಣು ರುಚಿ ಎಂಬೆರಡೂ ನಿಮಗೆ ಗೊತ್ತಾಗಿರುತ್ತದೆ. ಬೀಜಕ್ಕಾಗಿ ಹೂವಿಗೆ ಚೀಲ ಕಟ್ಟುವುದು ಅನಂತರ, ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣ ಕಳೆದ ಮೇಲೆ. ಆ ಕಾಯಿಗಳು ಏಪ್ರಿಲ್–ಮೇ ಹೊತ್ತಿಗೆ ಹಣ್ಣಾಗುತ್ತವೆ, ಬೀಜಕ್ಕೆ ಒಣ ದಿನಗಳು ಸಿಗುತ್ತವೆ.

ನವೆಂಬರ್–ಡಿಸೆಂಬರಿನಲ್ಲಿ ಬರುವ ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿಗೆ ಚೀಲದ ಕೆಲಸ ಮುಗಿಸಿಬಿಡಿ. ಅರೇಬಿಕಾ ಕಾಫಿಯ ಕೊಯ್ಲು ಶುರುವಾದರೆ ಮನೆಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಚಳಿ. ರಾತ್ರಿಯ ತಂಪು ಹೆಚ್ಚಿದಾಗ ದ್ವಿಲಿಂಗಿ ಹೂಗಳಲ್ಲಿ ಕೇಸರಗಳು ಅಂಡಾಶಯಕ್ಕೆ ಅಂಟಿಕೊಂಡು ಬೆಳೆದು, ಕಾಯಿ ಏಣುಏಣಾಗಿ ಸೊಟ್ಟಗಾಗುತ್ತದೆ. ಮಡಿಕೇರಿ, ಸೋಮವಾರಪೇಟೆಯ ಎತ್ತರದ ಜಾಗಗಳಲ್ಲಿ ಇದು ಹೆಚ್ಚು. ಕುಶಾಲನಗರ ಸುತ್ತಮುತ್ತ ಕಡಿಮೆ. ಅದು ರೋಗವಲ್ಲ, ಆದರೆ ಅಂಥ ಹೂವನ್ನು ಬೀಜಕ್ಕೆ ಆರಿಸಬೇಡಿ.

ತಾಯಿಮರದ ಆಯ್ಕೆ

ಆತುರ ಬೇಡವಾದ ಹಂತ ಇದು. ಎತ್ತರದ ದಿಬ್ಬದ ಮೇಲೆ ಒಂಟಿಯಾಗಿ ಬದುಕಿದ ಮರ ಗಟ್ಟಿಯಾದದ್ದೇ ಆಗಬೇಕೆಂದಿಲ್ಲ, ಅದರ ಜಾಗ ಚೆನ್ನಾಗಿದ್ದಿರಬಹುದು. ಪಕ್ಕದ ಗಿಡಗಳು ಸತ್ತ ಸಾಲಿನಲ್ಲೇ ಉಳಿದ ಮರಕ್ಕೆ ಹೆಚ್ಚು ಬೆಲೆ ಕೊಡಿ. ಬುಡದ ಮಣ್ಣನ್ನು ಸ್ವಲ್ಪ ಸರಿಸಿ ಉಗುರಿನಿಂದ ಒತ್ತಿ ನೋಡಿ: ತೊಗಟೆ ಗಟ್ಟಿಯಾಗಿದ್ದು, ನೀರು ತುಂಬಿದ ಕಂದು ಮಚ್ಚೆ ಇರಬಾರದು. ನೆಲದಿಂದ ಕಡಿಮೆ ಎತ್ತರದಲ್ಲೇ ಮೊದಲ ಕಾಯಿ ಕಟ್ಟಿದ ಗಿಡ್ಡ ಮರ ಗಾಳಿಗೆ ಬೀಳುವುದು ಕಡಿಮೆ, ಕೊಯ್ಯಲೂ ಸುಲಭ.

ರುಚಿ ನೋಡುವಾಗ ಒಂದೇ ವಾರದಲ್ಲಿ ಹಣ್ಣಾದ ಮರಗಳನ್ನೇ ಹೋಲಿಸಬೇಕು. ಮಳೆಯಲ್ಲಿ ಬಲಿತ ಹಣ್ಣು ಯಾವ ಮರದ್ದಾದರೂ ಸ್ವಲ್ಪ ಸಪ್ಪೆಯೇ. ಆ ಸಪ್ಪೆಯ ನಡುವೆಯೂ ಸಿಹಿ ಉಳಿಸಿಕೊಂಡದ್ದು ಬೇಸಿಗೆಯಲ್ಲಿ ಖಂಡಿತ ಚೆನ್ನಾಗಿರುತ್ತದೆ. ಕಾಯಿಯ ಮೇಲೆ ಉಂಗುರದಂಥ ಮಚ್ಚೆ, ಎಲೆ ದಾರದಂತೆ ಸಣಕಲಾಗುವುದು, ತೊಟ್ಟಿನಲ್ಲಿ ಎಣ್ಣೆ ಸವರಿದಂಥ ಗೆರೆಗಳು ಕಂಡರೆ ಅದು ಉಂಗುರ ಚುಕ್ಕೆ ನಂಜುರೋಗ. ಹರಡುವುದು ಗಿಡಹೇನುಗಳಿಂದ. ಅಂಥ ಮರವನ್ನು ಕಿತ್ತು ನಾಶಮಾಡಿ, ಉಳಿದವನ್ನು ಕಾಪಾಡಿಕೊಳ್ಳಿ.

ಚೀಲ ಕಟ್ಟುವುದು

ಸಂಜೆ ಹೊತ್ತಿನಲ್ಲಿ ಹಾರುವ ಉದ್ದ ಸೊಂಡಿಲಿನ ಪತಂಗಗಳು ಪಪ್ಪಾಯಿಯ ಪರಾಗವನ್ನು ಮರದಿಂದ ಮರಕ್ಕೆ ಸಾಗಿಸುತ್ತವೆ. ನಿಮ್ಮ ಹಿತ್ತಲಿನಲ್ಲಿ ಗಂಡು ಮರ ಇಲ್ಲದಿದ್ದರೂ ಪಕ್ಕದ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಹಿಂದೆ ಒಂದಿರಬಹುದು. ಆದ್ದರಿಂದ ಚೀಲ ಬೇಕೇ ಬೇಕು.

ದ್ವಿಲಿಂಗಿ ಮರವಾದರೆ ಕೆಲಸ ಬಹಳ ಸರಳ. ನಾಳೆ ಅರಳುವಂತೆ ಬೆಳ್ಳಗೆ ಉಬ್ಬಿ, ತುದಿ ಇನ್ನೂ ಮುಚ್ಚಿರುವ ಮೊಗ್ಗನ್ನು ಆರಿಸಿ. ಅದೇ ಎಲೆಯ ಕಂಕುಳಿನ ಉಳಿದ ಮೊಗ್ಗುಗಳನ್ನು ಚಿವುಟಿ ತೆಗೆಯಿರಿ. ಬೆಣ್ಣೆ ಕಾಗದದ ಅಥವಾ ತೆಳು ಬಟ್ಟೆಯ ಸಣ್ಣ ಚೀಲ ತೊಡಿಸಿ, ತೊಟ್ಟಿನ ಬಳಿ ಹತ್ತಿಯ ನೂಲಿನಿಂದ ಸಡಿಲವಾಗಿ ಕಟ್ಟಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವರಿ ಹೂವು ಕೊಳೆಯುತ್ತದೆ. ಈ ಹೂಗಳಲ್ಲಿ ಕೇಸರಗಳು ಬಹುಪಾಲು ಅರಳುವ ಮೊದಲೇ ಒಡೆದು ಪರಾಗ ಉದುರಿಸುವುದರಿಂದ, ಹೂವು ತನ್ನಷ್ಟಕ್ಕೆ ಫಲ ಕಟ್ಟುತ್ತದೆ. ದಳ ಉದುರಿ, ಕಾಯಿ ನಿಂತದ್ದು ಖಚಿತವಾದ ಮೇಲೆ ಚೀಲ ಬಿಚ್ಚಿ, ತೊಟ್ಟಿಗೆ ಬಣ್ಣದ ಉಲ್ಲನ್ ದಾರವನ್ನು ಸಡಿಲವಾಗಿ ಕಟ್ಟಿ. ಬಿಗಿಯಾಗಿ ಕಟ್ಟಿದರೆ ತೊಟ್ಟು ದಪ್ಪವಾದಂತೆ ದಾರ ಕೊರೆಯುತ್ತದೆ. ಕೈಗೆ ತಾಗುವ ಹಾಲು ಕೆಲವರಿಗೆ ತುರಿಕೆ ತರುತ್ತದೆ, ಕಣ್ಣಿಗಂತೂ ತಾಗಿಸಲೇಬಾರದು, ಕೈಗವಸು ಹಾಕಿಕೊಳ್ಳಿ.

ಎರಡು ಒಳ್ಳೆಯ ಮರಗಳನ್ನು ಕೂಡಿಸಬೇಕೆಂದರೆ ಹೆಣ್ಣು ಮರವನ್ನು ತಾಯಿಯಾಗಿಸಿ. ಅದರಲ್ಲಿ ಕೇಸರವೇ ಇಲ್ಲದ್ದರಿಂದ ಕೇಸರ ಕೀಳುವ ನಾಜೂಕಿನ ಕೆಲಸ ತಪ್ಪುತ್ತದೆ. ಸಂಜೆಯೇ ಹೆಣ್ಣು ಮೊಗ್ಗಿಗೂ ತಂದೆಯಾಗಬೇಕಾದ ದ್ವಿಲಿಂಗಿ ಮೊಗ್ಗಿಗೂ ಚೀಲ ಕಟ್ಟಿ. ಮಾರನೆಯ ಬೆಳಿಗ್ಗೆ ಮಂಜು ಆರಿದ ಮೇಲೆ ದ್ವಿಲಿಂಗಿ ಹೂವನ್ನು ಕೊಯ್ದು, ದಳ ಸುಲಿದು, ಹಳದಿ ಪುಡಿ ಕಾಣುವ ಕೇಸರಗಳನ್ನು ಅರಳಿದ ಹೆಣ್ಣು ಹೂವಿನ ಶಲಾಕಾಗ್ರದ ಎಲ್ಲ ಕವಲುಗಳಿಗೂ ಮೃದುವಾಗಿ ಸವರಿ. ಒಂದೇ ಬದಿಗೆ ತಾಗಿದರೆ ಕಾಯಿ ಓರೆಯಾಗಿ ಬೆಳೆಯಬಹುದು, ಬೀಜವೂ ಕಡಿಮೆ. ತಕ್ಷಣ ಮತ್ತೆ ಚೀಲ ಮುಚ್ಚಿ.

ಮುಂದಿನ ತಲೆಮಾರಿನ ಲೆಕ್ಕ

ದ್ವಿಲಿಂಗಿಯನ್ನು ತನ್ನ ಪರಾಗದಿಂದಲೇ ಫಲಿಸಿದರೆ, ಬದುಕುವ ಸಸಿಗಳಲ್ಲಿ ಎರಡು ಪಾಲು ದ್ವಿಲಿಂಗಿ, ಒಂದು ಪಾಲು ಹೆಣ್ಣು. ಇನ್ನೊಂದು ಪಾಲು ಭ್ರೂಣಗಳು ಬೀಜದೊಳಗೇ ಸಾಯುತ್ತವೆ. ಹೆಣ್ಣಿಗೆ ದ್ವಿಲಿಂಗಿಯ ಪರಾಗ ಕೊಟ್ಟರೆ ಅರ್ಧ ಹೆಣ್ಣು, ಅರ್ಧ ದ್ವಿಲಿಂಗಿ. ಹೆಣ್ಣಿಗೆ ಗಂಡಿನ ಪರಾಗ ಸೇರಿದರೆ ಅರ್ಧಕ್ಕರ್ಧ ಗಂಡು. ಜಾಗ ಕಡಿಮೆ ಇರುವ ಹಿತ್ತಲಿಗೆ ಅದು ಭಾರ. ಗುಂಡಿಗೆ ಮೂರು ಸಸಿ ನೆಟ್ಟು ಹೂ ಬಂದ ಮೇಲೆ ಒಂದನ್ನು ಉಳಿಸಿಕೊಳ್ಳುವುದು ಈ ಲೆಕ್ಕದ ಮೇಲೆಯೇ. ಮೊದಲ ಬಗೆಯ ಬೀಜವಾದರೆ 27 ಗುಂಡಿಗಳಲ್ಲಿ ಸರಾಸರಿ 26ರಲ್ಲಿ ಕನಿಷ್ಠ ಒಂದಾದರೂ ದ್ವಿಲಿಂಗಿ ಇರುತ್ತದೆ, ಎರಡನೆಯದಾದರೆ ಎಂಟರಲ್ಲಿ ಏಳರಲ್ಲಿ. ಪಪ್ಪಾಯಿ ತನ್ನೊಳಗೇ ಕೂಡಿದರೂ ಹೆಚ್ಚು ಸೊರಗುವ ಬೆಳೆಯಲ್ಲ, ಹೀಗಾಗಿ ಒಂದೇ ಮರದಿಂದ ಬೀಜ ಮಾಡಲು ಹೆದರಬೇಕಾಗಿಲ್ಲ.

ಹಣ್ಣಿನಿಂದ ಬೀಜಕ್ಕೆ

ದಾರ ಕಟ್ಟಿದ ಹಣ್ಣನ್ನು ಮರದಲ್ಲೇ ಮುಕ್ಕಾಲು ಹಳದಿಯಾಗಲು ಬಿಡಿ. ಮಂಗ, ಬಾವಲಿ, ಮರಬೆಕ್ಕಿನ ಕಣ್ಣು ಬೀಳುವುದು ಆಗಲೇ. ಗೋಣಿ ತುಂಡು ಸುತ್ತಿ ಕಾಪಾಡಿ. ಕೊಯ್ದ ಮೇಲೆ ಮೆತ್ತಗಾಗುವವರೆಗೆ ಒಳಗಿಡಿ. ಕತ್ತರಿಸಿದಾಗ ಕಪ್ಪಾಗಿ ಸುಕ್ಕುಗಟ್ಟಿದ ಬೀಜ ಮಾತ್ರ ಬೇಕು, ಬಿಳಿಯದು ಜೊಳ್ಳು.

ಪ್ರತಿ ಬೀಜದ ಸುತ್ತ ಲೋಳೆ ತುಂಬಿದ ಪಾರದರ್ಶಕ ಚೀಲವಿದೆ. ಮೊಳಕೆಯನ್ನು ತಡೆಯುವ ಅಂಶ ಅದರಲ್ಲೇ ಇರುವುದರಿಂದ ಅದು ಪೂರ್ತಿ ಹೋಗಬೇಕು. ಬೀಜವನ್ನು ಒಂದು ರಾತ್ರಿ ನೀರಿನಲ್ಲಿಟ್ಟು, ಬೆಳಿಗ್ಗೆ ಒಲೆಯ ಬೂದಿ ಸೇರಿಸಿ ಒರಟು ಜರಡಿಯ ಮೇಲೆ ಅಂಗೈಯಿಂದ ಉಜ್ಜಿ. ಪಟಪಟನೆ ಚೀಲ ಒಡೆಯುವುದು ಕೈಗೆ ತಿಳಿಯುತ್ತದೆ. ಜಾರುವಿಕೆ ಹೋಗಿ ಬೀಜ ಒರಟಾಗಿ ತಾಗಿದಾಗ ನಿಲ್ಲಿಸಿ. ತೊಳೆದು ನೀರಿಗೆ ಹಾಕಿ, ತೇಲಿದ್ದನ್ನು ಚೆಲ್ಲಿ. ಮುಳುಗಿದ್ದನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ, ಬಟ್ಟೆಯ ಮೇಲೆ ಒಂದೇ ಪದರವಾಗಿ ಹರಡಿ. ಕಾಫಿಯ ಕಣದ ಸುಡುಬಿಸಿಲಿಗೆ ಹಾಕಬೇಡಿ, ಒಲೆಯ ಮೇಲಿನ ಅಟ್ಟಕ್ಕೂ ಬೇಡ. ಬೀಜಗಳು ಒಂದಕ್ಕೊಂದು ಅಂಟದೆ ಗಲಗಲ ಸದ್ದು ಮಾಡಿದ ಮೇಲೆ ಗಾಜಿನ ಸೀಸೆಗೆ ತುಂಬಿ, ಹುರಿದು ಆರಿಸಿದ ಅಕ್ಕಿಯ ಸಣ್ಣ ಗಂಟನ್ನು ಜೊತೆಗಿಟ್ಟು ಬಿಗಿಯಾಗಿ ಮುಚ್ಚಿ ತಂಪಿನಲ್ಲಿಡಿ. ಪಪ್ಪಾಯಿ ಬೀಜದ ಮೊಳೆಯುವ ಶಕ್ತಿ ದಿನಗಳೆದಂತೆ ಇಳಿಯುತ್ತದೆ, ಅದೇ ವರ್ಷ ಬಿತ್ತುವುದು ಒಳ್ಳೆಯದು.

ಜುಲೈ ಕೊನೆಗೆ ಬೀಜವನ್ನು ಒಂದು ರಾತ್ರಿ ನೆನೆಸಿ, ಮಳೆ ಬೀಳದ ಆದರೆ ಬೆಳಕಿರುವ ಸೂರಿನಡಿ, ಮರಳು ಹೆಚ್ಚಿರುವ ಮಣ್ಣಿನ ಚೀಲಗಳಲ್ಲಿ ಒಂದು ಸೆಂಟಿಮೀಟರ್ ಆಳಕ್ಕೆ ಬಿತ್ತಿ. ಮೊಳಕೆಗೆ ಎರಡರಿಂದ ನಾಲ್ಕು ವಾರ ಬೇಕು. ಎಳೆಯ ಸಸಿಯ ಕತ್ತು ಕೊಳೆಯುವುದೇ ಈ ಹಂತದ ಶತ್ರು. ಮಣ್ಣಿಗೆ ಟ್ರೈಕೋಡರ್ಮ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಬೆರೆಸಿ, ನೀರನ್ನು ಕೈಬಿಗಿ ಹಿಡಿದು ಕೊಡಿ. ಅಕ್ಟೋಬರಿನಲ್ಲಿ ಏರಿಸಿದ ದಿಬ್ಬಗಳ ಮೇಲೆ ಆರು ಅಡಿ ಅಂತರದಲ್ಲಿ ನೆಡಿ. ಮಣ್ಣು ಹುಳಿಯಾಗಿದ್ದರೆ ಕಾಫಿಗೆ ಹಾಕುವ ಸುಣ್ಣವನ್ನೇ ಮೊದಲು ಸ್ವಲ್ಪ ಸೇರಿಸಿ.

ಬೀಜ ಹೆಚ್ಚಾದರೆ ನೆರೆಹೊರೆಗೆ ಕೊಡಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರಿಗೆ ತಮ್ಮ ಬೀಜವನ್ನು ಉಳಿಸುವ, ಬಿತ್ತುವ, ಹಂಚುವ, ಮಾರುವ ಹಕ್ಕು ಕೊಟ್ಟಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರಿನಲ್ಲಿ ಮಾರುವಂತಿಲ್ಲ, ಅಷ್ಟೇ. ಕೊಡುವಾಗ ಪೊಟ್ಟಣದ ಮೇಲೆ ತಾಯಿಮರ ಯಾವುದು, ಪರಾಗ ಯಾವ ಮರದ್ದು, ಚೀಲ ಕಟ್ಟಿದ ತಾರೀಖು, ಆ ಮರ ದಾಟಿದ ಮಳೆಗಾಲ ಎಷ್ಟು ಎಂಬುದನ್ನು ಬರೆಯಿರಿ. ಪಡೆದವರ ಗಿಡಗಳಲ್ಲಿ ಮುಂದಿನ ಕಕ್ಕಡ ಕಳೆದ ಮೇಲೆ ಎಷ್ಟು ಉಳಿದವೆಂದು ಕೇಳಿ ತಿಳಿದುಕೊಂಡರೆ, ಮರುವರ್ಷ ಯಾವ ಸೀಸೆಯ ಬೀಜವನ್ನು ಹೆಚ್ಚು ಬಿತ್ತಬೇಕೆಂಬುದು ಅಲ್ಲಿಂದಲೇ ತೀರ್ಮಾನವಾಗುತ್ತದೆ.