ಮಗುವಿಗೆ ಆಹಾರದ ಅಲರ್ಜಿಯೇ? ಮೊದಲು ಗಡಿಯಾರ ನೋಡಿ

ಮಗಳಿಗೆ ಆಗ ಹನ್ನೊಂದು ತಿಂಗಳು. ಬೆಂದ ಮೊಟ್ಟೆಯ ಬಿಳಿಭಾಗವನ್ನು ಉಗುರಿನಷ್ಟು ಚಿವುಟಿ ಬಾಯಿಗಿಟ್ಟೆ. ಎರಡನೇ ತುತ್ತಿಗೆ ಮುಖ ತಿರುಗಿಸಿದಳು. ಹಟ ಅಂದುಕೊಂಡು ಮೂರನೆಯದನ್ನೂ ತಿನ್ನಿಸಿದೆ. ತಟ್ಟೆ ತೊಳೆದಿಟ್ಟು ಬಂದರೆ ಗಲ್ಲದ ಮೇಲೆ ಸೊಳ್ಳೆ ಕಚ್ಚಿದ ಹಾಗೆ ಎರಡು ಉಬ್ಬು. ಅಂಗಿ ಎತ್ತಿ ನೋಡಿದರೆ ಹೊಟ್ಟೆ, ಬೆನ್ನು ಎಲ್ಲ ಕಡೆ ಗಂಧೆ ಎದ್ದಿದೆ. ಕಿವಿ ಹಿಡಿದು ಹಿಡಿದು ಎಳೆದುಕೊಳ್ಳುತ್ತಿದ್ದಳು.

ಆಸ್ಪತ್ರೆಯಲ್ಲಿ ವೈದ್ಯೆ ಕೇಳಿದ ಮೊದಲ ಪ್ರಶ್ನೆ: "ತಿಂದು ಎಷ್ಟು ಹೊತ್ತಿಗೆ ಬಂತು?"

"ಹತ್ತು ನಿಮಿಷ ಡಾಕ್ಟ್ರೇ" ಅಂದರು ನನ್ನವರು. "ಇಲ್ಲ ಮೇಡಂ, ಒಂದು ಗಂಟೆ ಆಗಿರಬೇಕು" ಅಂದೆ ನಾನು. ಒಂದೇ ಮನೆಯಲ್ಲಿ ಒಂದೇ ಮಗುವನ್ನು ನೋಡಿಕೊಂಡು ಕೂತವರ ಉತ್ತರ ಇದು! ಕೊನೆಗೆ ಮೊಬೈಲೇ ಜಗಳ ಬಿಡಿಸಿತು: ತಿನ್ನಿಸುವಾಗ ತೆಗೆದ ಫೋಟೊ 7.38ಕ್ಕೆ, ಗಂಧೆಯ ಫೋಟೊ 7.52ಕ್ಕೆ. ಹದಿನಾಲ್ಕು ನಿಮಿಷ. ಅಲರ್ಜಿ ಪತ್ತೆಗೆ ಲ್ಯಾಬ್ ರಿಪೋರ್ಟಿಗಿಂತ ಮೊದಲು ಬೇಕಾಗುವುದು ಇಂಥ ಲೆಕ್ಕ. ಆದರೆ ಹೆಚ್ಚಿನ ಮನೆಗಳಲ್ಲಿ ನಡೆಯುವುದು ತಿರುವುಮುರುವು, ನಮ್ಮಲ್ಲೂ ನಡೆಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಹೆಜ್ಜೆ 1: ತುರ್ತೇ ಎಂದು ನೋಡಿ

ಗಂಧೆ, ತುರಿಕೆ, ತುಟಿ ಊತ ಮಾತ್ರ ಇದ್ದರೆ ವೈದ್ಯರಿಗೆ ಫೋನ್ ಮಾಡಿ ಮಗುವನ್ನು ಕಣ್ಣೆದುರೇ ಇಟ್ಟುಕೊಳ್ಳಿ. ಉಸಿರಿನಲ್ಲಿ ಸುಂಯ್‌ ಸದ್ದು, ಬಿಡದ ಕೆಮ್ಮು, ಧ್ವನಿ ಒಡೆದಂತಾಗುವುದು, ನಾಲಿಗೆ ಊದುವುದು, ಮೈ ಬಿಳುಚಿ ಮಗು ಜೋತುಬೀಳುವುದು, ಗಂಧೆಯ ಜೊತೆ ಮೇಲಿಂದ ಮೇಲೆ ವಾಂತಿ: ಇವುಗಳಲ್ಲಿ ಒಂದು ಕಂಡರೂ ಆಂಬುಲೆನ್ಸ್ ಕರೆಯಿರಿ. ಇದು ಅನಾಫಿಲಾಕ್ಸಿಸ್, ಅಂದರೆ ಇಡೀ ಮೈಯನ್ನು ಆವರಿಸಿ ಪ್ರಾಣಕ್ಕೆ ಎರವಾಗಬಲ್ಲ ಅಲರ್ಜಿ ಆಗಿರಬಹುದು. ಅದಕ್ಕೆ ಮೊದಲ ಮದ್ದು ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ತುರಿಕೆಯ ಸಿರಪ್ ಗಂಧೆಯನ್ನು ಇಳಿಸೀತು, ಮುಚ್ಚಿಕೊಳ್ಳುತ್ತಿರುವ ಉಸಿರುದಾರಿಯನ್ನು ತೆರೆಯದು. "ಸಿರಪ್ ಕೊಟ್ಟಿದ್ದೇವೆ, ಸ್ವಲ್ಪ ನೋಡೋಣ" ಎಂದು ಕಾಯುವುದು ಅಪಾಯ.

ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಅಳುವ ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಳ್ಳುವುದು ಯಾವ ತಾಯಿಗೂ ಯಾರೂ ಕಲಿಸಬೇಕಾಗಿಲ್ಲ. ಆದರೆ ಇಂಥ ಹೊತ್ತಿನಲ್ಲಿ ರಕ್ತದೊತ್ತಡ ಕುಸಿದಿರಬಹುದು, ನೆಟ್ಟಗೆ ಹಿಡಿದರೆ ಇನ್ನಷ್ಟು ಕುಸಿಯುತ್ತದೆ. ಕೂಸನ್ನು ಅಡ್ಡಲಾಗಿ ಮಲಗಿಸಿಯೇ ಹಿಡಿದುಕೊಳ್ಳಬೇಕು. ವಾಂತಿ ಇದ್ದರೆ ಒಂದು ಮಗ್ಗುಲಿಗೆ. ಉಸಿರಾಡಲು ಒದ್ದಾಡುತ್ತಿದ್ದರೆ ಕಾಲು ಚಾಚಿ ಕೂರಿಸಬಹುದು. ಸ್ವಲ್ಪ ದೊಡ್ಡ ಮಗುವಾದರೆ ಆಂಬುಲೆನ್ಸಿನವರೆಗೂ ನಡೆಸಬೇಡಿ.

ಹೆಜ್ಜೆ 2: ನೆನಪು ಆರುವ ಮುನ್ನ ಬರೆದಿಡಿ

ಮಗು ಸುಧಾರಿಸಿಕೊಂಡ ಮೇಲೆ, ಅದೇ ರಾತ್ರಿ ಬರೆಯಿರಿ. ಏನು ತಿಂದಿತು, ಎಷ್ಟು, ಹಸಿಯೋ ಬೆಂದದ್ದೋ, ಎಷ್ಟು ಗಂಟೆಗೆ, ಮೊದಲು ಕಂಡದ್ದು ಏನು, ಎಷ್ಟು ಹೊತ್ತಿಗೆ ಇಳಿಯಿತು. ಈ ಮೊದಲು ಅದನ್ನೇ ತಿಂದಿತ್ತೇ, ಆಗ ಏನಾಗಿತ್ತು? ಆ ದಿನ ಜ್ವರ, ನೆಗಡಿ ಇತ್ತೇ? ಇದನ್ನು ಮರೆಯಬೇಡಿ. ಚಿಕ್ಕ ಮಕ್ಕಳ ಮೈಮೇಲೆ ಗಂಧೆ ಏಳಲು ವೈರಸ್ ಸೋಂಕೂ ದೊಡ್ಡ ಕಾರಣ, ಅದರ ಅಪವಾದ ಎಷ್ಟೋ ಸಲ ಆ ದಿನದ ಊಟದ ತಲೆಗೆ ಬರುತ್ತದೆ. ಪ್ಯಾಕೆಟ್ ತಿಂಡಿಯಾದರೆ ಹೊದಿಕೆಯನ್ನು ಎಸೆಯದೆ ಎತ್ತಿಡಿ. ಗಂಧೆಯ ಫೋಟೊ ಇರಲಿ. ನೀವು ವೈದ್ಯರ ಹತ್ತಿರ ಹೋಗುವ ಹೊತ್ತಿಗೆ ಮೈ ನುಣ್ಣಗಾಗಿರುತ್ತದೆ.

ಮಾತು ಬಂದ ಮಕ್ಕಳು ತಮ್ಮದೇ ಭಾಷೆಯಲ್ಲಿ ಹೇಳುತ್ತವೆ: "ಖಾರ", "ಬಾಯಲ್ಲಿ ಕೂದಲು", "ನಾಲಿಗೆ ಚುಚ್ಚುತ್ತೆ". ಆ ಮಾತನ್ನು ತಿದ್ದದೆ ಹಾಗೆಯೇ ಬರೆದುಕೊಳ್ಳಿ.

ಹೆಜ್ಜೆ 3: "ಆಗಿಬರಲ್ಲ" ಎಂಬುದನ್ನು ಬಿಡಿಸಿ

ನಾವು "ಹಾಲು ಇವನಿಗೆ ಆಗಿಬರಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಆ ಒಂದು ಮಾತಿನೊಳಗೆ ಕನಿಷ್ಠ ಮೂರು ಬೇರೆ ಸಂಗತಿಗಳಿವೆ, ಬಿಡಿಸಲು ಮತ್ತೆ ಗಡಿಯಾರವೇ ಬೇಕು.

ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಗಂಧೆ, ಊತ, ವಾಂತಿ ಬಂದರೆ ಅದು ಐಜಿಇ ಎಂಬ ಪ್ರತಿಕಾಯದಿಂದ ಆಗುವ ಅಲರ್ಜಿ ಇರಬಹುದು. ಇದು ಪ್ರಾಣಕ್ಕೆ ಕುತ್ತಾಗಬಲ್ಲದು. ಸಾಮಾನ್ಯವಾಗಿ ಪರೀಕ್ಷೆಯಲ್ಲಿ ಕಾಣಿಸುವುದೂ ಇದೇ. ಗಂಧೆಯೇ ಇಲ್ಲದೆ, ಒಂದರಿಂದ ನಾಲ್ಕು ಗಂಟೆಯ ಮೇಲೆ ಸುಸ್ತಾಗುವಷ್ಟು ವಾಂತಿಯಾದರೆ, ಅಥವಾ ಕೂಸಿನ ಮಲದಲ್ಲಿ ರಕ್ತದ ಎಳೆ ಕಂಡರೆ ಅದು ಇನ್ನೊಂದು ಬಗೆ. ಅದಕ್ಕೂ ರೋಗನಿರೋಧಕ ವ್ಯವಸ್ಥೆಯೇ ಕಾರಣ, ಆದರೆ ಐಜಿಇ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುವುದಿಲ್ಲ. ಮೂರನೆಯದು ಅಲರ್ಜಿಯೇ ಅಲ್ಲ: ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಸಾಲದೆ ಹೊಟ್ಟೆ ಉಬ್ಬರ, ಭೇದಿ. ಸಂಕಟ ನಿಜ, ಜೀವಕ್ಕೆ ಅಪಾಯವಿಲ್ಲ. ಟೊಮೆಟೊ, ಕಿತ್ತಳೆ ತಿಂದಾಗ ಬಾಯಿಯ ಸುತ್ತ ಮಾತ್ರ ಕೆಂಪಾದರೆ ಬಹುಪಾಲು ಅದು ಹುಳಿ ತಾಗಿದ ಉರಿ, ಅಷ್ಟೆ.

ಹೆಜ್ಜೆ 4: ಪರೀಕ್ಷೆ, ಆದರೆ ಅನುಮಾನವಿರುವ ಪದಾರ್ಥಕ್ಕೆ ಮಾತ್ರ

ಚರ್ಮದ ಪರೀಕ್ಷೆಯಲ್ಲಿ ಪದಾರ್ಥದ ಒಂದು ಹನಿ ಇಟ್ಟು ಅದರ ಮೇಲೆ ಸಣ್ಣಗೆ ಚುಚ್ಚುತ್ತಾರೆ. ಹದಿನೈದು–ಇಪ್ಪತ್ತು ನಿಮಿಷದಲ್ಲಿ ಉಬ್ಬನ್ನು ಅಳೆಯುತ್ತಾರೆ. ಬರೀ ಉಪ್ಪುನೀರು ಚುಚ್ಚಿದ ಜಾಗಕ್ಕಿಂತ 3 ಮಿ.ಮೀ. ಅಥವಾ ಹೆಚ್ಚು ಉಬ್ಬಿದರೆ ಪಾಸಿಟಿವ್. ತುರಿಕೆಯ ಸಿರಪ್ಪನ್ನು ಕೆಲವು ದಿನ ಮೊದಲೇ ನಿಲ್ಲಿಸಿರಬೇಕು, ಎಷ್ಟು ದಿನ ಎಂದು ಕೇಳಿಕೊಳ್ಳಿ. ಇಲ್ಲದಿದ್ದರೆ ರಕ್ತದಲ್ಲಿ ಆ ಪದಾರ್ಥಕ್ಕೆಂದೇ ಇರುವ ಐಜಿಇ ಅಳೆಯುತ್ತಾರೆ.

ನಾವು ಎಡವಿದ್ದು ಇಲ್ಲಿ. ವೈದ್ಯೆ ಮೊಟ್ಟೆಗೆ ಮಾತ್ರ ಬರೆದಿದ್ದರು. ಲ್ಯಾಬಿನಲ್ಲಿ "ಹೇಗೂ ರಕ್ತ ತೆಗೀತೀವಲ್ಲ, ಪೂರಾ ಪ್ಯಾನೆಲ್ ಮಾಡಿಸಿಬಿಡಿ" ಅಂದರು, ಒಪ್ಪಿಕೊಂಡೆವು. ರಿಪೋರ್ಟಿನಲ್ಲಿ ಏಳು ಪದಾರ್ಥಗಳ ಮುಂದೆ ಕೆಂಪು ಗುರುತು. ಗೋಧಿ, ಸೋಯಾ, ಎಳ್ಳು... ಎಲ್ಲ ಬಂದ್. ಎರಡು ತಿಂಗಳು ಮಗುವಿನ ತೂಕ ಇದ್ದಲ್ಲೇ ನಿಂತಿತು. ವೈದ್ಯೆ ರಿಪೋರ್ಟ್ ಓದಿ ಕನ್ನಡಕ ತೆಗೆದಿಟ್ಟರು. "ಗೋಧಿ ದಿನಾ ತಿನ್ನುತ್ತಿದ್ದಳಲ್ಲ, ಏನಾದರೂ ಆಗಿತ್ತಾ?" "ಇಲ್ಲ." "ಮತ್ಯಾಕೆ ನಿಲ್ಲಿಸಿದಿರಿ?"

ನಮ್ಮ ಬಳಿ ಉತ್ತರವಿರಲಿಲ್ಲ. ಪಾಸಿಟಿವ್ ಎಂದರೆ ದೇಹ ಆ ಪದಾರ್ಥವನ್ನು ಗುರುತಿಟ್ಟುಕೊಂಡಿದೆ ಎಂದಷ್ಟೇ ಅರ್ಥ, ತಿಂದರೆ ತೊಂದರೆ ಆಗಿಯೇ ತೀರುತ್ತದೆ ಎಂದಲ್ಲ. ಸಂಖ್ಯೆ ದೊಡ್ಡದಿದ್ದರೆ ಅಲರ್ಜಿ ಇರುವ ಸಾಧ್ಯತೆ ಹೆಚ್ಚು, ಆದರೆ ಅದು ಎಷ್ಟು ಜೋರಾಗಿ ಬಂದೀತು ಎಂಬುದನ್ನು ಆ ಸಂಖ್ಯೆ ಹೇಳದು. ತಿಂದು ಅರಗಿಸಿಕೊಳ್ಳುತ್ತಿದ್ದ ಪದಾರ್ಥವನ್ನು ಬಹುಕಾಲ ಬಿಡಿಸಿದರೆ ಒಗ್ಗಿದ್ದೂ ಒಗ್ಗದಂತಾಗಬಹುದು. ಹಾಗಾಗಿ ನಾವು ಮತ್ತೆ ಶುರುಮಾಡಿದ್ದೂ ವೈದ್ಯೆಯನ್ನು ಕೇಳಿಯೇ. ಐಜಿಜಿ ಎಂಬ ಬೇರೊಂದು ಪ್ರತಿಕಾಯದ ಹೆಸರಿನಲ್ಲಿ ಮಾರುವ ಪರೀಕ್ಷೆಗಳಂತೂ ಅಲರ್ಜಿ ಪತ್ತೆಗೆ ಉಪಯೋಗಕ್ಕೇ ಬಾರವು. ಆ ದುಡ್ಡು ಉಳಿಸಿ.

ಅನುಮಾನ ಉಳಿದರೆ ಕೊನೆಯ ಮಾತು ಆಹಾರವನ್ನೇ ತಿನ್ನಿಸಿ ನೋಡುವ ಪರೀಕ್ಷೆಯದು. ಆಸ್ಪತ್ರೆಯಲ್ಲಿ, ಔಷಧಿ ಕೈಯಳತೆಯಲ್ಲಿಟ್ಟುಕೊಂಡು, ಚೂರು ಚೂರಾಗಿ ಪ್ರಮಾಣ ಏರಿಸುತ್ತಾರೆ. ಮನೆಯಲ್ಲಿ "ಒಂದ್ಸಲ ಕೊಟ್ಟು ನೋಡೋಣ" ಎಂಬ ಸಾಹಸ ಬೇಡ.

ಹೆಜ್ಜೆ 5: ಹೆಸರು ಖಚಿತವಾದ ಮೇಲೆ

ಪ್ಯಾಕೆಟ್ಟಿನ ಹಿಂದಿನ ಸಣ್ಣಕ್ಷರ ಓದುವುದು ರೂಢಿಯಾಗಬೇಕು. ಹಾಲು ಅಲ್ಲಿ ಕೇಸೀನ್, ವೇ ಎಂಬ ಹೆಸರಿನಲ್ಲಿ ಅಡಗಿರುತ್ತದೆ, ಮೊಟ್ಟೆ ಆಲ್ಬುಮಿನ್ ಎಂದು. ಹಸುವಿನ ಹಾಲು ಆಗದ ಮಗುವಿಗೆ ಆಡಿನ ಹಾಲು ಕೊಡಿ ಎಂಬ ಸಲಹೆ ಬಂದೇ ಬರುತ್ತದೆ, ಕೇಳಬೇಡಿ. ಎರಡರ ಪ್ರೋಟೀನುಗಳಿಗೂ ಹೋಲಿಕೆ ಬಹಳ.

ಏನಾದಾಗ ಏನು ಮಾಡಬೇಕು ಎಂದು ವೈದ್ಯರಿಂದಲೇ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಅಡ್ರಿನಲಿನ್ ಇಂಜೆಕ್ಷನ್ ಬರೆದುಕೊಟ್ಟಿದ್ದರೆ ಅದು ಮಗು ಇರುವಲ್ಲೇ ಇರಬೇಕು, ಬೀರುವಿನಲ್ಲಲ್ಲ. ಕೊಟ್ಟ ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೆಯದು ಬೇಕಾಗಬಹುದು. ಸುಧಾರಿಸಿದರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ಗಂಟೆಗಳ ಮೇಲೆ ಮತ್ತೆ ಮರುಕಳಿಸುವುದುಂಟು. ಹಾಳೆಯ ಒಂದೊಂದು ನಕಲು ಅಜ್ಜ-ಅಜ್ಜಿ, ಶಿಶುವಿಹಾರ, ಮಗುವನ್ನು ನೋಡಿಕೊಳ್ಳುವ ಎಲ್ಲರ ಹತ್ತಿರ ಇರಲಿ. "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ" ಅನ್ನುವ ಹಿರಿಯರೊಡನೆ ವಾದಕ್ಕೆ ಇಳಿಯದೆ ಗಂಧೆಯ ಫೋಟೊ ತೋರಿಸಿ. ನಮ್ಮತ್ತೆ ಆ ಫೋಟೊ ನೋಡಿದ ಮೇಲೆ ಕೇಕಿನ ಪೊಟ್ಟಣಗಳನ್ನು ನನಗಿಂತ ಜೋರಾಗಿ ತಪಾಸಣೆ ಮಾಡುತ್ತಾರೆ.

ಹೆದರಿಕೊಂಡು ಉಳಿದ ಆಹಾರಗಳನ್ನು ಮುಂದೂಡಬೇಡಿ. 2000ದ ಸುಮಾರಿನಲ್ಲಿ ಅಪಾಯ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಕೊಡಬೇಡಿ ಎಂದು ಅಮೆರಿಕದ ಮಕ್ಕಳ ತಜ್ಞರೇ ಹೇಳುತ್ತಿದ್ದರು. 2015ರಲ್ಲಿ ಲಂಡನ್ನಿನ ಅಲರ್ಜಿ ತಜ್ಞ ಗಿಡಿಯನ್ ಲ್ಯಾಕ್ ಅವರ ತಂಡದ ಅಧ್ಯಯನ ಬಂದು ಮಾತು ಮಗುಚಿತು. ಜೋರು ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಕೂಸುಗಳಲ್ಲಿ ಅರ್ಧದಷ್ಟಕ್ಕೆ ಬೇಗನೆ ಕಡಲೆಕಾಯಿ ಶುರುಮಾಡಿ, ಉಳಿದವನ್ನು ದೂರವಿಟ್ಟರು. ಮೊದಲ ಚರ್ಮ ಪರೀಕ್ಷೆ ನೆಗೆಟಿವ್ ಇದ್ದವರನ್ನೇ ನೋಡಿದರೆ, ಐದು ವರ್ಷದ ಹೊತ್ತಿಗೆ ದೂರವಿಟ್ಟವರಲ್ಲಿ ನೂರಕ್ಕೆ ಸುಮಾರು 14 ಮಕ್ಕಳಿಗೆ ಕಡಲೆಕಾಯಿ ಅಲರ್ಜಿ, ತಿಂದವರಲ್ಲಿ ಸುಮಾರು 2. ಒಂದು ಅಲರ್ಜಿ ಈಗಾಗಲೇ ಇರುವ ಮಗುವಿಗೆ ಮುಂದಿನದನ್ನು ಯಾವಾಗ, ಹೇಗೆ ಎಂದು ವೈದ್ಯರನ್ನು ಕೇಳಿ. ಇಡೀ ಬೀಜ ಮಾತ್ರ ಚಿಕ್ಕ ಮಕ್ಕಳಿಗೆ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಹಾಲು, ಮೊಟ್ಟೆಯ ಅಲರ್ಜಿ ಹೆಚ್ಚಿನ ಮಕ್ಕಳಲ್ಲಿ ಬೆಳೆದಂತೆ ಬಿಟ್ಟುಹೋಗುತ್ತದೆ. ಕಡಲೆಕಾಯಿಯದು ಐವರಲ್ಲಿ ಒಬ್ಬರಿಗೆ ಮಾತ್ರ. ಆದ್ದರಿಂದ ಆಗಾಗ ಮರುಪರೀಕ್ಷೆ ಬೇಕು. ಮಗಳಿಗೆ ಎರಡೂವರೆ ತುಂಬಿದಾಗ ಆಸ್ಪತ್ರೆಯಲ್ಲಿ ಮೊಟ್ಟೆ ಹಾಕಿ ಬೇಯಿಸಿದ ಕೇಕ್ ತಿನ್ನಿಸಿ ನೋಡಿದರು. ಮೊದಲ ಚೂರು 10.40ಕ್ಕೆ. ನರ್ಸ್ ಚೀಟಿಯಲ್ಲಿ ಬರೆದುಕೊಂಡರು, ನಾನೂ ಬರೆದುಕೊಂಡೆ. ಹದಿನಾಲ್ಕನೇ ನಿಮಿಷಕ್ಕೆ ಅಂಗಿ ಎತ್ತಿ ನೋಡಿದೆ. ಹೊಟ್ಟೆ ನುಣ್ಣಗಿತ್ತು. ಅವಳು ಇನ್ನೊಂದು ತುಂಡು ಕೇಳುತ್ತಿದ್ದಳು.